ಅಂಬುಜಕ್ಕನ ಎರಡನೇ ಗೇರು

ನನ್ನ ಅಕ್ಕ ಅಂಬುಜಾ ಮೂವತ್ತೊಂದು ವರ್ಷ ವಿಜಯನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಘರ್ಷಣೆ ಎಂದರೇನು, ಸನ್ನೆ ಎಂದರೇನು ಎಂದು ಸಾವಿರಾರು ಮಕ್ಕಳ ತಲೆಗೆ ತುಂಬಿದವಳು. ಅಂಥವಳಿಗೆ ಕಾರಿನ ಗೇರ್ ಹಾಕಲು ಬರುವುದಿಲ್ಲ ಎಂದು ಅವಳ ಮನೆಯಲ್ಲೇ ಹನ್ನೊಂದು ವರ್ಷ ಹೇಳಿಕೊಂಡು ಬಂದರು. ಹೇಳಿದವರು ಬೇರೆ ಯಾರೂ ಅಲ್ಲ, ಅವಳ ಗಂಡ, ನನ್ನ ಭಾವ ಪುರುಷೋತ್ತಮ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಸವೇಶ್ವರನಗರದ ಅವರ ಮನೆ ಮುಂದೆ ನಿಲ್ಲುವ ಕೆಂಪು ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಅದನ್ನು ಓಡಿಸುವವಳು ಅಕ್ಕ ಒಬ್ಬಳೇ. ಭಾವ ಎರಡು ಸಲ ಡ್ರೈವಿಂಗ್ ಸ್ಕೂಲಿಗೆ ಸೇರಿ, ಎರಡು ಸಲವೂ ಮೊದಲ ವಾರದಲ್ಲೇ ಬಿಟ್ಟವರು. ಆದರೆ ಪಕ್ಕದ ಸೀಟಿನಲ್ಲಿ ಕೂತು ಪಾಠ ಹೇಳುವುದಕ್ಕೆ ಲೈಸೆನ್ಸ್ ಬೇಡವಲ್ಲ! ಎರಡನೇ ಗೇರ್ ಹಾಕುವಾಗ ಕಿರ್ರೆಂದು ಸದ್ದು ಶುರುವಾದ ದಿನದಿಂದ ಅವರು "ಮೆತ್ತಗೆ, ಮೆತ್ತಗೆ" ಅನ್ನುವುದನ್ನು ಬಿಟ್ಟಿರಲಿಲ್ಲ. ನೆಂಟರ ಮುಂದೆಯೂ ಅದೇ. "ನಮ್ಮ ಅಂಬುಜಾದು ಕೈ ಸ್ವಲ್ಪ ಗಡಸು" ಎಂದು ನಗುತ್ತಿದ್ದರು. ನಾವೂ ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಹೋದ ವರ್ಷ ಕಾರಿನ ನೋಂದಣಿ ನವೀಕರಿಸುವ ಸಮಯ ಬಂತು. ಹಳೆಯ ಗಾಡಿ, ಆರ್‌ಟಿಒಗೆ ತೆಗೆದುಕೊಂಡು ಹೋಗಿ ತೋರಿಸಬೇಕು. ಅಷ್ಟರಲ್ಲಿ ಎರಡನೇ ಗೇರು ಬೀಳುವುದೇ ಕಷ್ಟವಾಗಿತ್ತು. ವರ್ಷ ವರ್ಷ ಸರ್ವೀಸ್ ಮಾಡಿಸುತ್ತಿದ್ದ ಕಾಮಾಕ್ಷಿಪಾಳ್ಯದ ಭೈರೇಶನ ಗ್ಯಾರೇಜಿಗೇ ಹೋದರು. ಆ ದಿನ ನಾನೂ ಜೊತೆಗಿದ್ದೆ. ಕಾರು ಓಡಿಸಿಕೊಂಡು ಹೋದವಳು ಅಕ್ಕ, ಕೀ ಇದ್ದದ್ದು ಅಕ್ಕನ ಕೈಯಲ್ಲಿ, ಸದ್ದು ಎಲ್ಲಿಂದ ಬರುತ್ತದೆ ಎಂದು ವಿವರಿಸಿದವಳೂ ಅಕ್ಕ. ಭೈರೇಶ ಮಾತ್ರ ಎಲ್ಲ ಉತ್ತರವನ್ನೂ ಭಾವನಿಗೆ ಕೊಟ್ಟ.

"ಗೇರ್‌ಬಾಕ್ಸ್ ಹೋಗಿದೆ ಸಾರ್. ಇಳಿಸ್ಬೇಕು. ಲೇಡೀಸ್ ಓಡ್ಸೋ ಗಾಡಿ ಅಲ್ವಾ, ಅರ್ಧ ಕ್ಲಚ್ಚಲ್ಲೇ ಗೇರ್ ಹಾಕ್ತಾರೆ."

"ಗೇರ್ ಆಯಿಲ್ ಯಾವಾಗ ಚೇಂಜ್ ಮಾಡಿದ್ರಿ?" ಅಕ್ಕ ಕೇಳಿದಳು.

"ಹೋದ ಸರ್ವೀಸಲ್ಲೇ ಮಾಡಿದೀನಿ ಸಾರ್," ಎಂದ ಭೈರೇಶ. ಮತ್ತೆ ಸಾರ್! "ಬಿಲ್ಲಲ್ಲೇ ಬರ್ದಿದೀನಿ ನೋಡಿ. ಈ ವಯಸ್ಸಿನ ಗಾಡಿಗೆ ಯಾಕ್ ಸಾರ್ ತಲೆನೋವು, ಸ್ಕ್ರ್ಯಾಪಿಗೆ ಕೊಟ್ಬಿಡಿ."

ಭಾವನಿಗೆ ಅಷ್ಟೇ ಬೇಕಿತ್ತು. ಮನೆಗೆ ಬಂದು ಕಾಫಿ ಕುಡಿಯುತ್ತಾ ತೀರ್ಮಾನ ಹೇಳಿಬಿಟ್ಟರು. "ಇನ್ನು ಸಾಕು ಅಂಬುಜಾ. ನಿಂಗೂ ಅರವತ್ತಾಯ್ತು. ಮೆಟ್ರೋ ಇದೆ, ಆಟೋ ಇದೆ. ರಿನ್ಯೂಯಲ್ ಬೇಡ. ಮುಂದಿನ ವಾರ ಸ್ಕ್ರ್ಯಾಪ್ ಅವ್ರಿಗೆ ಫೋನ್ ಮಾಡ್ತೀನಿ."

ಹೊಸ ಕಾರು ಕೊಳ್ಳಬಹುದಿತ್ತಲ್ಲ, ಅವಳಿಗೆ ಪಿಂಚಣಿ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಗೇರ್ ಹಾಕಲು ಬಾರದವಳಿಗೆ ಹೊಸ ಗಾಡಿ ಬೇರೆ ಕೇಡು ಎಂದು ಭಾವ ಹಿಂದೊಮ್ಮೆ ಅಂದಿದ್ದರು. ಅಂದಿನಿಂದ ಅಕ್ಕ ಆ ಆಸೆಯನ್ನೇ ಬಿಟ್ಟಿದ್ದಳು. ಈ ಹಳೆಯ ಕಾರು ಹೋದರೆ ಅವಳು ಡ್ರೈವಿಂಗ್ ಬಿಟ್ಟ ಹಾಗೆಯೇ. ಚಂದ್ರಾ ಲೇಔಟಿನ ನನ್ನ ಮನೆಗೆ ಬರುವುದಿರಲಿ, ಕೆಂಗೇರಿಯ ಗೆಳತಿಯ ಮನೆಗೆ ಹೋಗುವುದಿರಲಿ, ಯಾರನ್ನೂ ಕೇಳದೆ ಬಾಗಿಲು ಎಳೆದುಕೊಂಡು ಹೊರಡಲು ಅವಳಿಗಿದ್ದದ್ದು ಇದೊಂದೇ ದಾರಿ. ಮರುದಿನ ಬೆಳಿಗ್ಗೆ ಅಕ್ಕ ನನಗೆ ಫೋನ್ ಮಾಡಿ, "ಹಳೇ ಬಟ್ಟೆ ಹಾಕ್ಕೊಂಡು ಬಾರೇ. ಗೇರ್ ಆಯಿಲ್ ನಾನೇ ಬದಲಾಯಿಸ್ತೀನಿ," ಎಂದಳು.

ನಾನು ಹೋಗುವಷ್ಟರಲ್ಲಿ ಮಾಗಡಿ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಎಲ್ಲ ತಂದಿಟ್ಟಿದ್ದಳು: ಮೂರು ಲೀಟರ್ ಗೇರ್ ಆಯಿಲ್, ಆಲಿಕೆ, ಉದ್ದದ ಪ್ಲಾಸ್ಟಿಕ್ ಪೈಪು. ಕಾರಿನ ಜೊತೆ ಬಂದಿದ್ದ ಪುಸ್ತಕ ಬಾನೆಟ್ ಮೇಲೆ ತೆರೆದಿತ್ತು. ಇಪ್ಪತ್ತು ವರ್ಷದಲ್ಲಿ ಆ ಪುಸ್ತಕವನ್ನು ಓದಿದ ಮೊದಲ ವ್ಯಕ್ತಿ ಅವಳೇ ಇರಬೇಕು.

ನಮ್ಮ ಕಡೆಯ ಬಡಾವಣೆಗಳ ಮನೆ ಮುಂದೆ ಮೋರಿಯ ಮೇಲೊಂದು ಕಾಂಕ್ರೀಟ್ ಇಳಿಜಾರು ಇದ್ದೇ ಇರುತ್ತದೆ. ಮಳೆನೀರು ಒಳಗೆ ಬರಬಾರದೆಂದು ಮನೆಯನ್ನು ಎತ್ತರಿಸಿ, ಕಾರು ಹತ್ತಲೆಂದು ಫುಟ್‌ಪಾತನ್ನೂ ನುಂಗಿ ಇಳಿಜಾರು ಕಟ್ಟಿಕೊಂಡಿರುತ್ತೇವೆ. ನಡೆಯುವವರು ರಸ್ತೆ ಮಧ್ಯೆ ನಡೆದು ಸಾಯಲಿ, ನಮಗೇನು? ಅಕ್ಕನ ಕಾರೂ ಹಾಗೆಯೇ ಮೂತಿ ಮೇಲಕ್ಕೆ ಮಾಡಿಕೊಂಡು ನಿಲ್ಲುತ್ತದೆ. ಮುಂಭಾಗ ಎತ್ತರದಲ್ಲಿದ್ದುದರಿಂದ ಅಡಿಗೆ ಕೈ ತೂರಿಸಲು ಜಾಗ ಸಿಕ್ಕಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿ, ಅಕ್ಕ ಕಾರಿನಡಿ ಮಲಗಿದಳು.

ಬೀದಿಯಲ್ಲಿ ಹೋಗುವವರೆಲ್ಲ ನಿಂತು ವಿಚಾರಿಸಿದ್ದೇ ವಿಚಾರಿಸಿದ್ದು. "ಏನಾಯ್ತು ಆಂಟಿ, ಸಾರ್ ಇಲ್ವಾ?" ಸಾರ್ ಮೇಲೆ ವರಾಂಡದಲ್ಲಿ ಪೇಪರ್ ಓದುತ್ತಿದ್ದರು, ಇಲ್ಲದೆ ಎಲ್ಲಿಗೆ ಹೋಗುತ್ತಾರೆ!

"ಮೊದ್ಲು ಮೇಲಿನ ಬೋಲ್ಟ್ ಬಿಚ್ಚಬೇಕು, ಆಯಿಲ್ ತುಂಬೋದು," ಎಂದಳು ಅಕ್ಕ ಅಡಿಯಿಂದ. "ಅದು ಬರ್ದೇ ಇದ್ರೆ ಕೆಳಗಿಂದ ಎಲ್ಲಾ ಸುರಿದು ಏನ್ ಮಾಡ್ತೀಯ? ಟಾರ್ಚ್ ಈ ಕಡೆ ಹಿಡಿ."

ಗೇರ್‌ಬಾಕ್ಸಿನ ಹಿಂದಿನ ಮೈಯಲ್ಲಿ ಮಣ್ಣು, ಜಿಡ್ಡು ಒಂದು ಬೆರಳು ದಪ್ಪ ಮೆತ್ತಿತ್ತು. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿದಾಗ ಬೋಲ್ಟ್ ಕಾಣಿಸಿತು. ಅಕ್ಕ ನನ್ನ ಕೈಯ ಟಾರ್ಚನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಏನೆಂದು ನಾನೂ ಬಗ್ಗಿದೆ. ಬೋಲ್ಟಿನ ತಲೆಯಿಂದ ಗೇರ್‌ಬಾಕ್ಸಿನ ಮೈಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿತ್ತು.

"ಇದು ಫ್ಯಾಕ್ಟರಿಯಲ್ಲಿ ಬಿಗಿ ಮಾಡಿದ್ಮೇಲೆ ಹಾಕೋ ಗುರುತು ಕಣೇ," ಎಂದಳು. "ಒಂದ್ಸಲ ತಿರುಗಿಸಿದ್ರೂ ಗೆರೆ ಮುರೀತಿತ್ತು. ಮುರಿದೇ ಇಲ್ಲ ನೋಡು."

ಇಪ್ಪತ್ತು ವರ್ಷ ಆ ಬೋಲ್ಟನ್ನು ಯಾರೂ ಮುಟ್ಟಿಲ್ಲ! ವರ್ಷ ವರ್ಷ ಸರ್ವೀಸ್, ಬಿಲ್ಲಿನಲ್ಲಿ ಗೇರ್ ಆಯಿಲ್ ಬದಲಾಯಿಸಿದೆ ಎಂಬ ಬರಹ, ಭಾವನ ಫೈಲಿನಲ್ಲಿ ಆ ಬಿಲ್ಲುಗಳು. ಎಲ್ಲ ಹಸಿ ಸುಳ್ಳು. ನಾನು ಅಲ್ಲಿಂದಲೇ ಭೈರೇಶನಿಗೆ ಫೋನ್ ಹಚ್ಚಿದೆ. ಅವನು ಸ್ವಲ್ಪವೂ ಅಳುಕದೆ, "ಆ ಗಾಡಿಗೆಲ್ಲ ಲೈಫ್‌ಟೈಮ್ ಆಯಿಲ್ ಮೇಡಂ, ಚೇಂಜ್ ಮಾಡೋದೇ ಬೇಕಿಲ್ಲ," ಎಂದ. ಬೇಕಿಲ್ಲದ್ದನ್ನು ಬಿಲ್ಲಿನಲ್ಲಿ ಬರೆದದ್ದು ಯಾಕೆ ಎಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ, ಕಳ್ಳ.

ಅಕ್ಕ ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ತೂರಿಸಿ, ಎರಡು ಕೈಯಲ್ಲಿ ಎಳೆದು ಬೋಲ್ಟ್ ಬಿಚ್ಚಿದಳು. ಆಮೇಲೆ ಕೆಳಗಿನ ಬೋಲ್ಟ್. ಬಂದದ್ದು ಎಣ್ಣೆಯಲ್ಲ, ಡಾಂಬರು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ. ಬಿಸಿಲಿಗೆ ಹಿಡಿದರೆ ಅದರೊಳಗೆ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. "ಇಷ್ಟು ವರ್ಷ ಒಳಗೆ ಒಂದಕ್ಕೊಂದು ತಿಕ್ಕಾಡಿ ಸವೆದಿರೋದು ಇದು," ಎಂದಳು ಅಕ್ಕ. ಬಂದಷ್ಟನ್ನೂ ಹಳೆಯ ಕ್ಯಾನಿಗೆ ತುಂಬಿ ಬದಿಗಿಟ್ಟಳು.

ಕೆಳಗಿನ ಬೋಲ್ಟ್ ಮುಚ್ಚಿ, ಮೇಲಿನಿಂದ ಪೈಪು ಇಳಿಸಿ, ಹೊಸ ಎಣ್ಣೆ ಸುರಿಯಲು ಶುರುಮಾಡಿದೆವು. ತುಂಬುವ ರಂಧ್ರದಿಂದ ಎಣ್ಣೆ ಹೊರಗೆ ತೊಟ್ಟಿಕ್ಕಿದರೆ ತುಂಬಿತೆಂದು ಲೆಕ್ಕ, ಪುಸ್ತಕದಲ್ಲಿ ಹಾಗೇ ಬರೆದಿತ್ತು. ಒಂದೂವರೆ ಲೀಟರಿಗೇ ತೊಟ್ಟಿಕ್ಕಿತು. ಅಕ್ಕ ಅನುಮಾನದಿಂದ ನೋಡಿದಳು. ನನಗೆ ಟಾರ್ಚ್ ಹಿಡಿದು ಹಿಡಿದು ಕೈ ಬಿದ್ದುಹೋಗಿತ್ತು. "ತುಂಬ್ತು ಅಕ್ಕ, ಸುರೀತಾ ಇದೆ, ಮುಚ್ಚು ಸಾಕು," ಎಂದು ಅವಸರ ಮಾಡಿದವಳು ನಾನೇ. ಅವಳು ಮುಚ್ಚಿದಳು.

ಸಂಜೆ ಮೂವರೂ ಒಂದು ಸುತ್ತು ಹೋದೆವು. ಬೀದಿ ತಿರುಗುವಷ್ಟರಲ್ಲಿ ಗೇರ್‌ಬಾಕ್ಸಿನಿಂದ ಹೊಸದೊಂದು ನರಳಾಟ ಶುರುವಾಯಿತು. ಮೊದಲು ಎರಡನೇ ಗೇರಿಗೆ ಮಾತ್ರ ಇದ್ದ ತಕರಾರು ಈಗ ಎಲ್ಲದಕ್ಕೂ. ಭಾವನ ಮುಖ ಅರಳಿದ್ದನ್ನು ಹಿಂದಿನ ಸೀಟಿನಿಂದ ನಾನೇ ಕನ್ನಡಿಯಲ್ಲಿ ನೋಡಿದೆ.

"ಹೇಳ್ಲಿಲ್ವಾ ನಾನು? ಆಯಿಲ್ ಅಲ್ಲ, ಕೈ. ಇದ್ದಿದ್ದನ್ನೂ ಹಾಳು ಮಾಡಿಟ್ರಿ ಇಬ್ರೂ ಸೇರ್ಕೊಂಡು."

ಆ ಹಳದಿ ಗೆರೆಯ ವಿಷಯ ನಾನು ಮಧ್ಯಾಹ್ನವೇ ಅವರಿಗೆ ಹೇಳಿದ್ದೆ. ಬನ್ನಿ, ಬಗ್ಗಿ ನೋಡಿ ಎಂದು ಕರೆದಿದ್ದೆ. ಸೊಂಟ ನೋವು ಎಂದು ಬಂದಿರಲಿಲ್ಲ. ನೋಡದ್ದರ ಮೇಲೆ ತೀರ್ಪು ಹೇಳಲು ಮಾತ್ರ ಯಾವ ನೋವೂ ಅಡ್ಡ ಬರಲಿಲ್ಲ. ಮನೆಗೆ ಬಂದವರೇ ಸ್ಕ್ರ್ಯಾಪಿನವರಿಗೆ ಫೋನ್ ಮಾಡಿ, ಶನಿವಾರ ಬನ್ನಿ ಎಂದರು. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಅಳುತ್ತಿದ್ದಳು. "ನಂದೇ ತಪ್ಪಿರ್ಬೇಕು ಕಣೇ. ಎಲ್ರೂ ಸುಳ್ಳು ಹೇಳ್ತಾರಾ?" ಎಂದಳು. ಬೋಲ್ಟಿನ ಗೆರೆಯನ್ನು ಕಣ್ಣಾರೆ ಕಂಡವಳ ಬಾಯಲ್ಲಿ ಈ ಮಾತು! ಹನ್ನೊಂದು ವರ್ಷ ಒಂದೇ ಸಮನೆ ಹೇಳಿದರೆ ವಿಜ್ಞಾನದ ಮೇಷ್ಟ್ರೂ ನಂಬಿಬಿಡುತ್ತಾರೆ. ನನಗೆ ಭಾವನ ಮೇಲೆ ಮಾತ್ರವಲ್ಲ, ನೆಂಟರ ನಡುವೆ ಕೂತು ನಕ್ಕಿದ್ದ ನನ್ನ ಮೇಲೂ ಸಿಟ್ಟು ಬಂತು.

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದರೆ ಅಕ್ಕ ಗೇಟಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಹಳೆಯ ಎಣ್ಣೆಯ ಕ್ಯಾನು ಒಂದು ಕಡೆ, ಉಳಿದ ಹೊಸ ಎಣ್ಣೆ ಇನ್ನೊಂದು ಕಡೆ.

"ಹೊರಗೆ ಬಂದಿರೋದು ಎರಡೂಕಾಲು ಲೀಟರ್," ಎಂದಳು. "ಒಳಗೆ ಹೋಗಿರೋದು ಒಂದೂವರೆ. ಅಷ್ಟಕ್ಕೇ ಹೇಗೆ ತುಂಬುತ್ತೆ?" ಎದ್ದು ಕಾರಿನ ಪಕ್ಕ ನಿಂತು ಅದರ ಮೂತಿಯಿಂದ ಬಾಲದವರೆಗೆ ನೋಡಿದಳು. ತಲೆ ಚಚ್ಚಿಕೊಂಡಳು. "ಗಾಡಿ ಮೂತಿ ಮೇಲಿದೆ. ತೂತು ಹಿಂದಿನ ಮೈಯಲ್ಲಿದೆ. ಎಣ್ಣೆ ಎಲ್ಲಾ ಹಿಂದಕ್ಕೆ ವಾಲಿ, ತುಂಬೋಕೆ ಮುಂಚೇನೇ ಹೊರಗೆ ಬಂದ್ಬಿಡ್ತು. ಸಮತಟ್ಟು ಜಾಗದಲ್ಲಿ ಅಂತ ಪುಸ್ತಕದಲ್ಲಿ ಬರ್ದಿತ್ತು, ನಾವು ಓದಿ ಮುಂದಕ್ಕೆ ಹೋದ್ವಿ."

ಸಮತಟ್ಟು ಜಾಗ! ಇಡೀ ಬೀದಿ ಹುಡುಕಿದರೂ ಒಂದು ಕಾರಿನ ಉದ್ದಕ್ಕೆ ಸಮತಟ್ಟಾದ ನೆಲವಿಲ್ಲ. ಎಲ್ಲ ಇಳಿಜಾರು, ಹಂಪು, ಗುಂಡಿ. ಕೊನೆಗೆ ಹಿಂದಿನ ಬೀದಿಯ ಮುನಿಲಕ್ಷ್ಮಮ್ಮ ನೆನಪಾದರು. ಬಡಾವಣೆ ಬರುವ ಮೊದಲಿನಿಂದ ಇಲ್ಲಿರುವ ಊರಿನ ಮನೆತನ. ಸುತ್ತ ನಾಲ್ಕಂತಸ್ತಿನ ಬಾಡಿಗೆ ಮನೆ ಎದ್ದರೂ ಅವರ ಮನೆ ಮುಂದೆ ಕಲ್ಲು ಹಾಸಿದ ಅಂಗಳ ಇನ್ನೂ ಇದೆ.

"ಬನ್ನಿ ಟೀಚರಮ್ಮ, ಅದ್ಕೇನಂತೆ," ಎಂದರು ಮುನಿಲಕ್ಷ್ಮಮ್ಮ. "ರಾಗಿ ಒಣಗಾಕ್ತಿದ್ದ ಜಾಗ. ನೀರು ಸುರಿದ್ರೆ ನಿಂತ ಕಡೇನೇ ನಿಲ್ತದೆ." ಯಾಕೆ, ಏನು, ಸಾರ್ ಎಲ್ಲಿ ಎಂದು ಅವರು ಒಂದು ಮಾತೂ ಕೇಳಲಿಲ್ಲ. ಹಿತ್ತಿಲಿನಿಂದ ಒಂದೇ ದಪ್ಪದ ನಾಲ್ಕು ಚಪ್ಪಡಿ ಕಲ್ಲು ತರಿಸಿಕೊಟ್ಟರು.

ಕಾರಿನಡಿ ಕೈ ತೂರುವಷ್ಟು ಎತ್ತರ ಸಿಗಲೆಂದು ನಾಲ್ಕು ಚಕ್ರದ ಮುಂದೆ ಒಂದೊಂದು ಚಪ್ಪಡಿ ಇಟ್ಟೆವು. ಅಕ್ಕ ನಾಲ್ಕನ್ನೂ ಒಂದೇ ಸಲಕ್ಕೆ ಹತ್ತಿಸಿ ನಿಲ್ಲಿಸಿದಳು. ಕೈ ಗಡಸಿನವಳು! ಬೋಲ್ಟ್ ಬಿಚ್ಚಿ ಸುರಿದರೆ ಇನ್ನೂ ಮುಕ್ಕಾಲು ಲೀಟರ್ ಹಿಡಿಯಿತು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿದಿದ್ದೆ.

ಗೇಟಿನಿಂದ ಹೊರಗೆ ಬಂದು ಅಕ್ಕ ಎರಡನೇ ಗೇರ್ ಹಾಕಿದಳು. ಸದ್ದಿಲ್ಲ. ಮೂರನೆಯದು, ಮತ್ತೆ ಎರಡನೆಯದು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಅವಳು ಖುಷಿಯಿಂದ ಕೂಗಬಹುದು ಎಂದುಕೊಂಡಿದ್ದೆ, ಇನ್ನೊಂದು ಸುತ್ತು ಓಡಿಸಿದಳು. ಮನೆಗೆ ಬಂದು ಸ್ಕ್ರ್ಯಾಪಿನವರಿಗೆ ತಾನೇ ಫೋನ್ ಮಾಡಿ ಬರಬೇಡಿ ಎಂದಳು.

ಮುಂದಿನ ವಾರ ಆರ್‌ಟಿಒಗೂ ಮೂವರೂ ಹೋದೆವು. ಇನ್‌ಸ್ಪೆಕ್ಟರು ಕಾರನ್ನು ಸುತ್ತಿ ನೋಡಿ, ಓಡಿಸಿ ತೋರಿಸಿ ಎಂದು ಪಕ್ಕದಲ್ಲಿ ಕೂತು, ಇಳಿದು ಸಹಿ ಹಾಕಿದರು. ಇನ್ನು ಐದು ವರ್ಷ ಯೋಚನೆಯಿಲ್ಲ. ವಾಪಸ್ ಬರುವಾಗ ಭಾವ ಎಂದಿನಂತೆ ಮುಂದಿನ ಸೀಟಿನಲ್ಲಿದ್ದರು. ಸಿಗ್ನಲ್ ಬಿಟ್ಟು ಅಕ್ಕ ಎರಡನೇ ಗೇರಿಗೆ ಬಂದಾಗ ತೃಪ್ತಿಯಿಂದ ತಲೆಯಾಡಿಸಿದರು.

"ನೋಡು, ಮೆತ್ತಗೆ ಹಾಕಿದ್ರೆ ಹೇಗೆ ಬೀಳುತ್ತೆ. ಇಷ್ಟ್ ವರ್ಷ ನಾನು ಬಡ್ಕೊಂಡಿದ್ದು ಇದನ್ನೇ. ಅಂತೂ ಕಲಿತ್ಯಲ್ಲ."

ನನ್ನ ಬಾಯಿಗೆ ಏನೇನೋ ಬಂತು. ಅಷ್ಟರಲ್ಲಿ ಅಕ್ಕ ಇಂಡಿಕೇಟರ್ ಹಾಕಿ, ಎಡಕ್ಕೆ ತಂದು, ಒಂದು ದರ್ಶಿನಿಯ ಮುಂದೆ ಕಾರು ನಿಲ್ಲಿಸಿದಳು. ಗಂಡನ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ.

"ಹನ್ನೊಂದು ವರ್ಷ ಎರಡನೇ ಗೇರ್ ಹಾಕೋವಾಗೆಲ್ಲ ನಾನು ರಸ್ತೆ ನೋಡ್ತಿರ್ಲಿಲ್ಲರೀ. ನಿಮ್ಮ ಮುಖ ನೋಡ್ತಿದ್ದೆ. ಯಾರ ಮೇಲೂ ಹತ್ತಿಸ್ಲಿಲ್ಲ ಅನ್ನೋದು ನನ್ನ ಪುಣ್ಯ. ಇಳೀರಿ, ಹಿಂದೆ ಕೂತ್ಕೊಳ್ಳಿ."

ಭಾವ ನನ್ನ ಕಡೆ ನೋಡಿದರು. ನಾನು ಆಗಲೇ ಹಿಂದಿನ ಬಾಗಿಲು ತೆರೆದು ಇಳಿದಿದ್ದೆ. ದರ್ಶಿನಿಯ ಮುಂದೆ ಕಾಫಿ ಕುಡಿಯುತ್ತಿದ್ದವರೆಲ್ಲ ನೋಡುತ್ತಿದ್ದರು. ಭಾವ ಇಳಿದು, ಪಂಚೆ ಸರಿಮಾಡಿಕೊಂಡು, ಹಿಂದೆ ಹೋಗಿ ಕೂತರು. ನಾನು ಮುಂದೆ ಹತ್ತಿ ಬಾಗಿಲು ಹಾಕಿಕೊಂಡೆ. ಅಕ್ಕ ರಸ್ತೆಯನ್ನು ನೋಡಿಕೊಂಡು ಮನೆಯವರೆಗೂ ಓಡಿಸಿದಳು.