ಪುಣೆಯಲ್ಲಿ ಇಲ್ಲದ ಹುಡುಗ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಟವೆಲು, ಚಾದರ ಮಾರುವ ಯೋಗಿರಾಜನಿಗೆ ನಲವತ್ತೇಳರ ವಯಸ್ಸಿನಲ್ಲಿ ವೆಬ್‌ಸೈಟ್ ಮಾಡುವ ಹುಚ್ಚು ಹತ್ತಿತು. ಆ ವಯಸ್ಸಿನಲ್ಲಿ ಕೆಲವರಿಗೆ ಯೋಗಾಸನದ ಹುಚ್ಚು ಹತ್ತುತ್ತದೆ, ಕೆಲವರಿಗೆ ಮೀಸೆಗೆ ಬಣ್ಣ ಹಚ್ಚುವ ಹುಚ್ಚು. ಅವಕ್ಕಿಂತ ಇದು ವಾಸಿ ಎಂದು ಹೆಂಡತಿ ದೀಪಾಲಿ ಸುಮ್ಮನಿದ್ದಳು.

ಮಧ್ಯಾಹ್ನ ಊಟವಾಗಿ ಇಡೀ ಪೇಟೆ ತೂಕಡಿಸುವ ಹೊತ್ತಿಗೆ ಅವನು ಗಾದಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂಡುತ್ತಿದ್ದ. ಅವನ ಗುರು ಯೂಟ್ಯೂಬಿನ ಒಬ್ಬ ಹಿಂದಿ ತರುಣ. "ಇದು ಬಹಳ ಸುಲಭ" ಎಂದು ಆತ ಅಂದಾಗಲೆಲ್ಲ ಯೋಗಿರಾಜನ ಎದೆ ಧಸಕ್ಕೆನ್ನುತ್ತಿತ್ತು; ಅದರ ಬೆನ್ನಿಗೇ ಏನೋ ಒಂದು ಭಯಂಕರ ಬರುತ್ತಿತ್ತು. ಆದರೂ ಬಿಡಲಿಲ್ಲ. ಎಚ್‌ಟಿಎಂಎಲ್ ಅಂದರೆ ಅವನ ಪಾಲಿಗೆ ಗಂಟು ಕಟ್ಟುವುದು: ಟವೆಲು ಡಜನ್ನಿನೊಳಗೆ, ಡಜನ್ನು ಗಂಟಿನೊಳಗೆ, ಬಿಚ್ಚಿದ್ದನ್ನು ಮರೆಯದೆ ಕಟ್ಟಬೇಕು. ಸಿಎಸ್‌ಎಸ್ ಅಂದರೆ ಅಂಗಡಿಯ ಶೋಕೇಸು. ಜಾವಾಸ್ಕ್ರಿಪ್ಟ್ ಮಾತ್ರ ಹೊಸದಾಗಿ ಬಂದ ಕೆಲಸದಾಳು. ಹೇಳಿದಷ್ಟೇ ಮಾಡುತ್ತದೆ, ತಪ್ಪು ಹೇಳಿದರೆ ಅದನ್ನು ಇನ್ನೂ ಶ್ರದ್ಧೆಯಿಂದ ಮಾಡುತ್ತದೆ.

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಅಂಗಡಿಯ ಸೈಟು ಎದ್ದು ನಿಂತಿತು. ಬಾಜೂ ಅಂಗಡಿಯ ಧರ್ಮರಾಜ ಅದನ್ನು ನೋಡಿ, "ಛಂದ ಆಗೇತಿ. ಯಾರು ಮಾಡಿ ಕೊಟ್ರು?" ಎಂದು ಕೇಳಿದ. 'ನಾನೇ' ಎಂಬ ಎರಡಕ್ಷರ ಹೇಳುವ ಧೈರ್ಯ ಯೋಗಿರಾಜನಿಗೆ ಬರಲಿಲ್ಲ.

"ಪುಣೆದಾಗ ಒಬ್ಬ ಹುಡುಗ ಅದಾನ," ಅಂದುಬಿಟ್ಟ.

ಅಂದಿನಿಂದ ಆ ಹುಡುಗ ಬೆಳೆಯತೊಡಗಿದ. ಕೇಳಿದವರ ಮುಂದೆಲ್ಲ ಯೋಗಿರಾಜ ಅವನಿಗೆ ಒಂದೊಂದು ಕೊಡುತ್ತ ಹೋದ: ಒಬ್ಬರ ಮುಂದೆ ಇಂಜಿನಿಯರಿಂಗ್ ಡಿಗ್ರಿ, ಇನ್ನೊಬ್ಬರ ಮುಂದೆ ದಪ್ಪ ಚಷ್ಮಾ.

"ಅಹೋ, ನಿಮ್ಮ ಪುಣೆ ಹುಡುಗಗ ಎಷ್ಟ ರೊಟ್ಟಿ ಬಡೀಲಿ?" ದೀಪಾಲಿ ಕೇಳಿದಳು.

"ನಗಬ್ಯಾಡ. ಅಂವಾ ಮಾಡ್ಯಾನಂದ್ರ ಮಂದಿ ನಂಬತಾರ. ನಾ ಮಾಡೀನಂದ್ರ ತಪ್ಪ ಹುಡುಕತಾರ."

ಸೈಟಿನಲ್ಲಿ ಯೋಗಿರಾಜನಿಗೆ ಹೆಚ್ಚು ಹೆಮ್ಮೆಯೆಂದರೆ ಅದರ ಬಾಗಿಲು. ಬಂದವರನ್ನು ಕೂಡ್ರಿಸಿ ಚಹಾ ಕೇಳದೆ ಮಾಲು ಬಿಚ್ಚುವ ಪದ್ಧತಿ ಅವನ ಮನೆತನದಲ್ಲಿರಲಿಲ್ಲ. ಹಾಗಾಗಿ ಸೈಟು ತೆರೆದ ಕೂಡಲೇ "ಬರ್ರಿ, ಕೂಡ್ರಿ. ಚಹಾ ತಗೋತೀರಿ?" ಎಂಬ ಪ್ರಶ್ನೆ. ಕೆಳಗೆ 'ಹೂಂ', 'ಬ್ಯಾಡ' ಎಂಬ ಎರಡು ಬಟನ್. ಹೂಂ ಒತ್ತಿದರೆ ಕಪ್ಪಿನಿಂದ ಹಬೆ ಎದ್ದು ಟವೆಲುಗಳು ಬಿಚ್ಚಿಕೊಳ್ಳುತ್ತಿದ್ದವು. ಬ್ಯಾಡ ಒತ್ತಿದರೆ ಮತ್ತೆ ಅದೇ ಪ್ರಶ್ನೆ. ಬೇಡವೆಂದ ಕೂಡಲೇ ಬಿಟ್ಟುಬಿಡುವುದು ಸಭ್ಯರ ಲಕ್ಷಣವೇ? ಕೊನೆಯತನಕ ಬೇಡ ಅನ್ನುವವರೂ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಸೊಲ್ಲಾಪುರದಲ್ಲಿ ಅಂಥವರನ್ನು ಅವನು ಕಂಡಿರಲಿಲ್ಲ.

ಅಂಥವರು ಅಕ್ಕಲಕೋಟೆಯಲ್ಲಿದ್ದರು. ಯಾತ್ರಿಕರಿಗೆ ಲಾಡ್ಜ್ ನಡೆಸುವ ಮಲಕಾಜಪ್ಪ ಯೋಗಿರಾಜನ ಹಳೆಯ ಗಿರಾಕಿ. "ನಿಮ್ಮ ಸೈಟ್ ತಂದು ತೋರಸ್ರಿ. ಪಸಂದ ಬಂತಂದ್ರ ನಮ್ಮ ಲಾಡ್ಜಿಂದೂ ಆ ಹುಡುಗನ ಕಡೆನ ಮಾಡಸೂಣು," ಎಂದು ಫೋನಿನಲ್ಲಿ ಹೇಳಿದ್ದರು. ತನ್ನ ಅಂಗಡಿಯ ಆಚೆ ಸಿಗಬಹುದಾದ ಮೊದಲ ಕೆಲಸ. ಇದು ಸಿಕ್ಕರೆ ತಾನು ಡೆವಲಪರ್, ಸಿಗದಿದ್ದರೆ ಬರೀ ಟವೆಲಿನವ ಎಂದು ಯೋಗಿರಾಜ ಮನಸ್ಸಿನಲ್ಲೇ ತೀರ್ಮಾನಿಸಿ, ಲ್ಯಾಪ್‌ಟಾಪನ್ನು ಚಾದರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಲಾಡ್ಜಿನ ಕೌಂಟರಿನಲ್ಲಿ ಮಲಕಾಜಪ್ಪ ತಮ್ಮ ಫೋನನ್ನು ಮಾರುದೂರ ಹಿಡಿದು ನೋಡಿದರು.

"ಚಹಾ ಕೇಳತೈತಿ."

"ಹೂಂ ಒತ್ರಿ ಕಾಕಾ."

"ಹ್ಯಾಂಗ ಒತ್ತಲಿ? ಸ್ವಾಮಿ ಗುಡ್ಯಾಗ ಆಣಿ ಮಾಡಿ ನಾ ಚಹಾ ಬಿಟ್ಟೀನಿ."

"ಬರೇ ಚಿತ್ರರಿ ಅದು."

"ಚಿತ್ರದ್ದ ಇರಲಿ. ಹೂಂ ಅಂದಂಗ ಆತಲ್ಲ."

ಬ್ಯಾಡ ಒತ್ತಿದರು. ಸೈಟು ಮತ್ತೆ ಕೇಳಿತು. ಮತ್ತೆ ಒತ್ತಿದರು. ಬೆರಳು ನೋಯುವವರೆಗೂ ಒತ್ತಿ, "ಇದು ನಮ್ಮ ಬೀಗರಗಿಂತ ಜೋರ ಐತಿ," ಎಂದರು. "ಆ ಹುಡುಗಗ ಫೋನ್ ಹಚ್ರಿ."

ಯೋಗಿರಾಜ ಬೇರೆ ದಾರಿ ಕಾಣದೆ ದೀಪಾಲಿಗೆ ಹಚ್ಚಿದ. "ಹಲೋ, ಪುಣೆ ಏನು? ಇಲ್ಲಿ ಕಾಕಾ ಬ್ಯಾಡ ಅಂದ್ರೂ ಸೈಟ್ ಬಿಡವಲ್ದು."

ಆ ಕಡೆ ನಗು ತಡೆದ ಸದ್ದು. ಆಮೇಲೆ, "ಹುಡುಗ ಸೂಟಿ ಹಾಕಿ ಊರಿಗೆ ಹೋಗ್ಯಾನ್ರಿ. ಬಾಜೂಕ ಯಾರರೆ ತಿಳದವ್ರು ಇದ್ರ ಅವ್ರನ್ನ ಕೇಳ್ರಿ," ಎಂದು ದೀಪಾಲಿ ಫೋನು ಇಟ್ಟಳು.

"ಸೂಟಿ ಮ್ಯಾಲೆ ಅದಾನಂತ್ರಿ."

"ಅಡ್ನಾಡಿ ಅದಾನ," ಎಂದರು ಮಲಕಾಜಪ್ಪ.

"ಹೌದ್ರಿ, ಅಡ್ನಾಡಿ," ಯೋಗಿರಾಜ ಒಪ್ಪಿದ.

"ಅಂವಗ ಕೆಲಸಾನೂ ಬರೂದಿಲ್ಲ."

ಇದು ಮಾತ್ರ ನಾಟಿತು. ನಿದ್ದೆಗೆಟ್ಟ ಮಧ್ಯಾಹ್ನಗಳೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು. "ಕೆಲಸಾ ಬರ್ತದ್ರಿ ಅಂವಗ."

"ನಿಮಗ ಹ್ಯಾಂಗ ಗೊತ್ತು?"

"ಅಂವಾ ನಾನಽ ಅದೀನ್ರಿ."

ಮಲಕಾಜಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತ ಚಷ್ಮಾ ಐತಿ ಅಂದಿದ್ರಿ?"

"ಅದನ್ನೂ ನಾನಽ ಹಚ್ಚೀನ್ರಿ."

ಇನ್ನು ಮಾತಿನಿಂದ ಆಗುವಂಥದ್ದಲ್ಲ. ಯೋಗಿರಾಜ ಚಾದರ ಬಿಚ್ಚಿ ಲ್ಯಾಪ್‌ಟಾಪ್ ತೆರೆದ. ಇಸ್ಪೀಟು ನೋಡುವವರಂತೆ ಮಲಕಾಜಪ್ಪ ಹಿಂದೆ ಬಂದು ನಿಂತರು. ಬೇಡವೆಂದ ಕೂಡಲೇ ಬಿಟ್ಟರೆ ಮರ್ಯಾದೆಯಲ್ಲ, ಬಿಡದಿದ್ದರೆ ವ್ಯಾಪಾರವಿಲ್ಲ. ಎಷ್ಟು ಸಲ ಕೇಳಬೇಕು?

"ನಿಮಗೊಂದು ಚಹಾ ತರಸ್ಲಿ?" ಮಲಕಾಜಪ್ಪ ಕೇಳಿದರು.

"ಬ್ಯಾಡ್ರಿ ಕಾಕಾ."

"ಅರ್ಧಾ ಕಪ್ಪ?"

"ಬ್ಯಾಡ್ರಿ."

"ಚಹಾದವ ಹಸಿಶುಂಠಿ ಹಾಕಿ ಛಲೋ ಮಾಡತಾನ."

"ಖರೇನ ಬ್ಯಾಡ್ರಿ, ಆ್ಯಸಿಡಿಟಿ ಐತಿ."

"ಹಂಗಾರ ಬಿಡ್ರಿ."

ಯೋಗಿರಾಜ ತಿರುಗಿ ಅವರ ಮುಖ ನೋಡಿದ. ಮೊದಲೆರಡು ಬೇಡ ಸಂಕೋಚದ್ದು, ಮೂರನೆಯದು ಖರೆ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಕಂಪ್ಯೂಟರಿಗೆ ಹೇಳುವುದೊಂದು ಮರೆತಿದ್ದ. ಬೇಡಗಳನ್ನು ಎಣಿಸು, ಮೂರಾದರೆ ಬಾಗಿಲು ತೆರೆ ಎಂದು ಬರೆದು ಸೈಟಿಗೆ ಕಳಿಸಿದ.

ಈಗ ಯಾವ ಬಟನ್ನೂ ಅಲುಗಲಿಲ್ಲ, ಹೂಂ ಕೂಡ.

"ಮೊದಲರೆ ಕೇಳತಿತ್ತು," ಎಂದರು ಮಲಕಾಜಪ್ಪ.

ಹಿಂದಿ ತರುಣ ಅಲ್ಲಿರಲಿಲ್ಲ, ಪುಣೆಯ ಹುಡುಗನೂ ಇರಲಿಲ್ಲ. ಟವೆಲಿನಲ್ಲಿ ತಪ್ಪಿದ ಎಳೆ ಹುಡುಕುವಂತೆ ಯೋಗಿರಾಜ ಸಾಲಿನ ಮೇಲೆ ಬೆರಳಿಟ್ಟು ಇಳಿಯುತ್ತ ಹೋದ. ಒಂದು ಕಡೆ ಬ್ರ್ಯಾಕೆಟ್ ತೆರೆದದ್ದು ಹಾಗೇ ಬಿಟ್ಟಿತ್ತು. ಬಿಚ್ಚಿದ ಗಂಟು, ಕಟ್ಟಿರಲಿಲ್ಲ. ಕಟ್ಟಿದ.

ಮಲಕಾಜಪ್ಪ ಒತ್ತಿದರು. ಬ್ಯಾಡ. ಬ್ಯಾಡ. ಬ್ಯಾಡ. "ಹಂಗಾರ ಬಿಡ್ರಿ, ಟವೆಲ್ ನೋಡ್ರಿ" ಎಂದು ಸೈಟು ಬಾಗಿಲು ತೆರೆಯಿತು.

"ಈಗ ಮನಷ್ಯಾರಂಗ ಮಾತಾಡತೈತಿ. ನಮ್ಮದೂ ಮಾಡ್ರಿ," ಎಂದರು ಮಲಕಾಜಪ್ಪ. "ಆದ್ರ ನಮ್ಮದು ಚಹಾ ಕೇಳಬಾರ್ದು. ಊಟಾ ಆತೇನು ಅಂತ ಕೇಳಲಿ."

ಮರುದಿನ ಅಂಗಡಿ ತೆರೆಯುತ್ತಿದ್ದಂತೆ ಧರ್ಮರಾಜ ಬಂದ. "ಅಕ್ಕಲಕೋಟ ಕೆಲಸ ಸಿಕ್ತಂತ. ಆ ಪುಣೆ ಹುಡುಗನ ಮಾಡತಾನೇನು?"

"ಇಲ್ಲ. ನಾನಽ. ಮೊದಲಿಂದೂ ನಾನಽ ಮಾಡಿದ್ದು."

ಧರ್ಮರಾಜ ಬಹಳ ಹೊತ್ತು ವಿಚಾರ ಮಾಡಿದ. "ಹಂಗೇನು? ಹಂಗಾರ ಆ ಹುಡುಗ ಈಗ ಖಾಲಿ ಇರ್ತಾನ. ಅಂವನ ನಂಬರ್ ಕೊಡ್ರಿ, ನಂದೊಂದು ಮಾಡಸೂದೈತಿ."

ಯೋಗಿರಾಜ ನಂಬರು ಹೇಳಿದ. ಧರ್ಮರಾಜ ಅಲ್ಲೇ ನಿಂತು ಒತ್ತಿದ. ಎದುರಿಗಿದ್ದ ಯೋಗಿರಾಜನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವನು ಅದನ್ನು ನಿಧಾನವಾಗಿ ತೆಗೆದು ಕಿವಿಗೆ ಹಚ್ಚಿದ.

"ಹೇಳ್ರಿ ಧರ್ಮರಾಜ," ಎಂದ.