ಅಕ್ಕನ ಮನೆಯ ರೊಟ್ಟಿ

ನಮ್ಮ ಗುಂಪಿನವರಿಗೆ ನಾಲಿಗೆ ಇರುವುದು ಮಾತಾಡಲಿಕ್ಕೆ. ರುಚಿ ನೋಡಲಿಕ್ಕೆ ಮೊಬೈಲ್ ಇದೆ.

ಕೊಲ್ಲಾಪುರದಲ್ಲಿ ಬೆಳಿಗ್ಗೆ ಕೆರೆಯ ಸುತ್ತ ಒಂದು ಸುತ್ತು ಹಾಕಿ, ಸುಸ್ತಾಯಿತೆಂದು ನಾಲ್ಕು ಭಜಿ ತಿಂದು ಮನೆಗೆ ಹೋಗುವ ಐದು ಮಂದಿ ನಾವು. ಎಲ್ಲರೂ ಅಜ್ಜಂದಿರ ಕಾಲಕ್ಕೆ ಕರ್ನಾಟಕದ ಕಡೆಯಿಂದ ವ್ಯಾಪಾರಕ್ಕೆ ಬಂದ ಲಿಂಗಾಯತ ಮನೆತನದವರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಸಾಹೇಬರು ನಮ್ಮ ಮುಖಂಡರು. ಅವರನ್ನು ಯಾರೂ ಆರಿಸಿಲ್ಲ, ತಾವೇ ಆದವರು. ಹೋದ ಚಳಿಗಾಲದಲ್ಲಿ ಅವರು ಭಜಿ ತಿನ್ನುತ್ತಲೇ ಘೋಷಿಸಿದರು.

"ನಮ್ಮ ಹಳೇ ಊಟ ಎಲ್ಲಾ ಮುಳಗಾಕತ್ತೈತ್ರಿ. ಒಂದ ಗಾಡಿ ಮಾಡಿ ಊರೂರು ಹುಡಕ್ಕೋತ ಹೋಗೂಣು."

ಮುಳುಗಿಸಿದವರು ಯಾರಪ್ಪಾ? ಇವರ ಮನೆಯಲ್ಲಿ ರೊಟ್ಟಿ ಬಡಿದು ಎಷ್ಟು ವರ್ಷವಾಯಿತೋ ಶಿವನಿಗೇ ಗೊತ್ತು. ನಮ್ಮ ಐವರಲ್ಲೇ ಒಬ್ಬರಾದ ಸಾಹೇಬರ ಹೆಂಡತಿಯದು ಬೆಳಿಗ್ಗೆ ಓಟ್ಸ್, ರಾತ್ರಿ ಸೂಪು. ಆದರೂ ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ನನಗೆ ಬೇಕಿದ್ದದ್ದು ಒಂದೇ, ಗಡಹಿಂಗ್ಲಜದಲ್ಲಿರುವ ನನ್ನ ಅಕ್ಕನ ಮನೆ. ಏಳು ವರ್ಷದಿಂದ ಆ ಹೊಸ್ತಿಲು ತುಳಿದಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಹೋಗುವ ಮುಖ ನನಗಿರಲಿಲ್ಲ. ನಾಲ್ಕು ಮಂದಿ ಜೊತೆಗಿದ್ದರೆ ಅಕ್ಕ ಬಾಗಿಲಲ್ಲೇ ನಿಲ್ಲಿಸಲಾರಳು ಎಂಬುದು ನನ್ನ ಲೆಕ್ಕ.

ಮಾತು ಬಿಟ್ಟಿದ್ದಕ್ಕೆ ಕಾರಣ ನಾನೇ. ನನ್ನ ಮಗಳ ನಿಶ್ಚಯಕ್ಕೆ ಅಕ್ಕ ನಮ್ಮ ಪದ್ಧತಿಯಂತೆ ರೊಟ್ಟಿಬುತ್ತಿ ಹೊತ್ತು ತಂದಿದ್ದಳು. ಬುಟ್ಟಿಯ ತುಂಬ ಕಟಕ್ ಎನ್ನುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಎರಡು ರಾತ್ರಿ ಬಡಿದಿದ್ದಳಂತೆ. ಹೊರಗೆ ಪುಣೆಯ ಬೀಗರಿಗಾಗಿ ಪೂರಿ, ಪನೀರು, ಶ್ರೀಖಂಡ ಸಜ್ಜಾಗಿತ್ತು. ನಾನು ಬುಟ್ಟಿ ನೋಡಿ, "ಇದನ್ನ ಅಡಿಗಿಮನಿ ಹಿಂದ ಇಡ್ರಿ, ಆಳ ಮಂದಿ ತಿಂತಾರ," ಎಂದೆ. ಅಕ್ಕ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಊಟ ಮಾಡದೆ ಹೋದಳು.

ಹೊರಡುವ ಹಿಂದಿನ ವಾರ ಫೋನ್ ಮಾಡಿದೆ.

"ಅಕ್ಕಾ, ಐದ ಮಂದಿ ಬರತೇವಿ. ನಮ್ಮ ಕಡೀ ಹಳೇ ಊಟ ಬೇಕಂತ ಅವರಿಗೆ."

"ಬರ್ರಿ," ಎಂದಳು ಅಕ್ಕ. "ಮತ್ತ ನಿನಗೇನ ಮಾಡ್ಲಿ?"

"ನಿನಗ ತಿಳದದ್ದ ಮಾಡ," ಎಂದೆ. ಬಾಯಲ್ಲಿ ಆಗಲೇ ನೀರು.

ಹೊರಟ ದಿನ ಮೊದಲು ಕೊಲ್ಲಾಪುರದಲ್ಲೇ ಮೊಳಕೆಕಾಳಿನ ಮಿಸಳ. ಅದರ ಮೇಲೆ ಸುರಿಯುವ ಕೆಂಪು ಖಾರದ ಸಾರಿನ ಇತಿಹಾಸವನ್ನು ಸಾಹೇಬರು ಕ್ಯಾಮೆರಾಕ್ಕೆ ಹತ್ತು ನಿಮಿಷ ಹೇಳಿದರು. ಆಮೇಲೆ ಒಂದು ಚಮಚ ಬಾಯಿಗಿಟ್ಟರು, ನೋಡಿ! ಕಣ್ಣು, ಮೂಗು ಎಲ್ಲ ಹರಿಯಿತು. "ಸ್ವಲ್ಪ ಸಕ್ರಿ ಐತೇನ್ರಿ?" ಅಂದರು. ಹೋಟೆಲಿನವನು ಸಕ್ಕರೆ ತಂದುಕೊಟ್ಟು ಒಳಗೆ ಹೋಗಿ ನಕ್ಕಿದ್ದು ನಮಗೆಲ್ಲ ಕೇಳಿಸಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಇಚಲಕರಂಜಿಯಲ್ಲಿ ಇನ್ನೂ ಚೆಂದ. ಮಗ್ಗದ ಕೆಲಸಗಾರರು ಉಣ್ಣುವ ಒಂದು ಖಾನಾವಳಿಗೆ ನುಗ್ಗಿದೆವು. ಒಲೆಯ ಮುಂದೆ ಕೂತ ಹೆಂಗಸು ಭಾಕರಿ ಎಂಬ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸಾಹೇಬರ ಹೆಂಡತಿ ಅವಳಿಂದ ಒಂದೇ ಭಾಕರಿಯನ್ನು ಮೂರು ಸಲ ಎತ್ತಿ ಹಿಡಿಸಿ ವಿಡಿಯೋ ಮಾಡಿದರು. "ನಗ್ರಿ, ಸ್ವಲ್ಪ ನಗ್ರಿ," ಎಂದು ಬೇರೆ. ತವೆಯ ಮೇಲಿದ್ದದ್ದು ಕರಕಾಯಿತು. ತಾಟು ಹಿಡಿದು ಕಾಯುತ್ತಿದ್ದ ಒಬ್ಬ ಕೆಲಸಗಾರ ಗಡಿಯಾರ ನೋಡಿ, ಪಾಳಿಯ ಹೊತ್ತಾಯಿತೆಂದು ಉಣ್ಣದೆಯೇ ಎದ್ದು ಹೋದ.

"ಎಷ್ಟ ಸಾಧಾ ಮಂದಿ ಅಲ್ರಿ!" ಎಂದರು ಸಾಹೇಬರು.

ಥೂ! ನನಗೆ ಮೈಯೆಲ್ಲ ಉರಿಯಿತು. ಆದರೆ ಜಗಳವಾಡಿದರೆ ಗಾಡಿ ಅಲ್ಲಿಂದಲೇ ಮನೆಗೆ ತಿರುಗೀತು ಎಂಬ ಹೆದರಿಕೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಗಡಹಿಂಗ್ಲಜ ಸೇರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ.

ಅಕ್ಕ ಬಾಗಿಲಲ್ಲೇ ಇದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಎಲ್ಲರ ಕಾಲಿಗೂ ನೀರು ಕೊಟ್ಟಳು. ನನಗೂ ಕೊಟ್ಟಳು, "ಬರ್ರಿ" ಎಂದಳು. ನನಗೆ ಬರ್ರಿ! ಹುಟ್ಟಿದಾಗಿನಿಂದ ನಾನು ಅವಳಿಗೆ 'ಏ ಹುಡುಗಿ'.

ಸಾಲಾಗಿ ಕೂತೆವು. ರೊಟ್ಟಿ ಬಂತು, ಎಣಗಾಯಿ ಬಂತು, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೆ ಬೆಣ್ಣೆಯ ಮುದ್ದೆ. ಎಲ್ಲರಿಗೂ ಬಡಿಸುತ್ತ ಬಂದವಳು ನನ್ನನ್ನು ದಾಟಿ ಒಳಗೆ ಹೋದಳು. ಬೇರೆ ತಾಟು ತಂದು ನನ್ನ ಮುಂದಿಟ್ಟಳು. ಪೂರಿ, ಪನೀರು, ವಾಟಿಯಲ್ಲಿ ಶ್ರೀಖಂಡ.

"ನೀವು ರೊಟ್ಟಿ ತಿನ್ನಂಗಿಲ್ಲಲ್ರಿ. ಪ್ಯಾಟ್ಯಾಗಿಂದ ತರ್ಸೇನಿ," ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ವಾಹ್, ತಂಗಿಗೆ ಸ್ಪೆಷಲ್!" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ನಮ್ಮ ಫೋಟೋ ಬೇರೆ ತೆಗೆದರು. ನಾನು ಪೂರಿ ಮುರಿದು ತಿಂದೆ. ಮಾಡಿದ್ದುಣ್ಣೋ ಮಹಾರಾಯ. ದಾರಿಯುದ್ದಕ್ಕೂ ಇವರನ್ನು ಬೈದುಕೊಂಡು ಬಂದಿದ್ದೆನಲ್ಲ, ಆ ಬೈಗುಳಕ್ಕೆಲ್ಲ ನಾನೇ ಮೊದಲ ಹಕ್ಕುದಾರಳು. ಇವರು ರೊಟ್ಟಿಯ ಫೋಟೋ ತೆಗೆದವರು, ನಾನು ಅದನ್ನು ಹಿತ್ತಲಿಗೆ ದಾಟಿಸಿದವಳು.

ಸಾಹೇಬರ ಹೆಂಡತಿ ಹಲ್ಲಿಗೆ ಗಟ್ಟಿಯೆಂದು ಅರ್ಧ ರೊಟ್ಟಿ ಬಿಟ್ಟು ಎದ್ದರು. ಎಲ್ಲರೂ ಗಾಡಿಯ ಕಡೆ ಹೋದ ಮೇಲೆ ತಾಟುಗಳನ್ನು ಎತ್ತುವ ನೆಪದಲ್ಲಿ ಅದನ್ನು ತೆಗೆದುಕೊಂಡು ಅಡಿಗೆಮನೆಯ ಹಿಂದೆ ಹೋದೆ. ಇನ್ನೊಬ್ಬರ ಎಂಜಲೆಂಬ ಹೇಸಿಗೆಯೂ ಆಗಲಿಲ್ಲ. ನಿಂತಲ್ಲೇ, ಕಳ್ಳಿಯಂತೆ, ಬಾಯಿಗೆ ತುರುಕಿಕೊಂಡೆ. ಅಳು ಬಂತು, ಅಗಿಯುವುದನ್ನು ಮಾತ್ರ ಬಿಡಲಿಲ್ಲ.

ತಿರುಗಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನನ್ನ ಬಾಯಿ ನೋಡಿದಳು, ಕೈಯಲ್ಲಿದ್ದ ಚೂರು ನೋಡಿದಳು.

"ಎಂಜಲ ಬಿಸಾಕ," ಎಂದಳು. "ಆಳ ಮಂದಿದು ಬ್ಯಾರೆ ಇಟ್ಟೇನಿ, ಬುಟ್ಟ್ಯಾಗ ಐತಿ. ಕುಂದ್ರ, ಏ ಹುಡುಗಿ."

ಹೊರಗೆ ಸಾಹೇಬರು ಒಂದೇ ಸಮನೆ ಹಾರ್ನ್ ಹೊಡೆಸುತ್ತಿದ್ದರು. ನಾನು ನೆಲದ ಮೇಲೆ ಕೂತು ಬುಟ್ಟಿಯನ್ನು ಹತ್ತಿರ ಎಳೆದುಕೊಂಡೆ.