ಮನಸ್ಲಿ ಎಂತ ಉಟ್ಟು?

ಶಾಲೆಯ ಕೆಲಸಕ್ಕೆಂದು ಬೆಟ್ಟದೂರು ಗಾಳಿಬೀಡಿಗೆ ಬಂದ ಮರುದಿನ ಬೆಳಿಗ್ಗೆ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕೂತಿದ್ದೆ. ದಡಾರನೆ ಬಾಗಿಲು ತೆರೆಯಿತು. ಮನೆಯೊಡತಿ ಜಾನಕಕ್ಕ ಬೆಲ್ಲದ ಕಾಪಿ ಹಿಡಿದು ನಿಂತಿದ್ದರು.

"ಒಬ್ಬರೇ ಯಾಕೆ ಕೂತಿದ್ದೀರಿ ಟೀಚರೇ? ಮನಸ್ಲಿ ಎಂತ ಉಟ್ಟು?"

ನಾನು ಗದಗಿನ ಕಡೆಯವಳು. ನಮ್ಮಲ್ಲಿ ಉಡುವುದೆಂದರೆ ಸೀರೆ. ಮನಸ್ಸಿಗೆ ಏನು ಉಡಿಸಲಿ ಎಂದು ಕಕ್ಕಾಬಿಕ್ಕಿಯಾದೆ. ಅವರ ಅರೆಭಾಷೆಯಲ್ಲಿ 'ಉಟ್ಟು' ಅಂದರೆ 'ಇದೆ' ಎಂದು ಶಾಲೆಯ ಮಕ್ಕಳು ನಕ್ಕು ನಕ್ಕು ಕಲಿಸಿದರು.

ಅರ್ಥ ತಿಳಿದ ಮೇಲೆ ಕಿರಿಕಿರಿ ಹೆಚ್ಚಾಯಿತು. ಮನಸ್ಸಿನಲ್ಲಿ ಏನಿದೆ ಎಂದು ದಿನಾ ಬೆಳಿಗ್ಗೆ ಯಾರಿಗಾದರೂ ಒಪ್ಪಿಸಬೇಕೇ? ನಮ್ಮೂರಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಓಣಿಯ ಜಗಳವೆಲ್ಲ ಕಟ್ಟೆಯ ಮೇಲೇ. ಆದರೂ ದೇವರ ಕೋಣೆಗೆ ಹೋದವರನ್ನು ಯಾರೂ ಕರೆಯುವುದಿಲ್ಲ. ಇಲ್ಲಿ ಮನೆಗೂ ಮನೆಗೂ ನಡುವೆ ಒಂದು ತೋಟವೇ ಇದೆ, ಬಾಗಿಲಿಗೆ ಮಾತ್ರ ಚಿಲಕ ಹಾಕುವಂತಿಲ್ಲ. ಸುಮ್ಮನೆ ಕೂತವಳು ಇವರ ಲೆಕ್ಕದಲ್ಲಿ ಒಂದೋ ಕಾಯಿಲೆಯವಳು, ಇಲ್ಲ ಊರು ನೆನೆದು ಅಳುವವಳು.

ಒಂದು ದಿನ ಚಿಲಕ ಹಾಕಿಯೇಬಿಟ್ಟೆ. ಜಾನಕಕ್ಕ ಗಾಬರಿಯಿಂದ ಬಾಗಿಲು ಬಡಿದರು. ತೆರೆದರೆ ಕೈಯಲ್ಲಿ ಕರಿಮೆಣಸಿನ ಕಷಾಯ!

"ಅಕ್ಕಾರ, ದಿನಾ ಹತ್ತು ನಿಮಿಷ ನನ್ನಷ್ಟಕ್ಕ ನನ್ನ ಬಿಡ್ರಿ!" ಎಂದು ಕಿರುಚಿದೆ. ಅವರು ಲೋಟ ಹೊಸ್ತಿಲ ಮೇಲಿಟ್ಟು ಹೋದರು.

ಆಮೇಲೆ ಒಳಗೆ ಬರಲೇ ಇಲ್ಲ. ಕಾಪಿ ಬಾಗಿಲ ಹೊರಗೇ ತಣ್ಣಗಾಗುತ್ತಿತ್ತು. ಬೇಡಿದ್ದ ಮೌನ ಸಿಕ್ಕಿತು, ಮನಸ್ಸು ಮಾತ್ರ ಒಳಗೆ ಹೋಗಲು ಒಲ್ಲೆ ಅಂದಿತು. ಕಣ್ಣು ಲಿಂಗದ ಮೇಲೆ, ಕಿವಿ ಬಾಗಿಲ ಮೇಲೆ. ತಪ್ಪಾಯಿತು ಅನ್ನಲು ನನಗೂ ಬಿಗುಮಾನ. ನನ್ನ ಮೇಲೇ ನನಗೆ ರೇಗಿತು.

ದಸರಾ ರಜೆಗೆ ಊರಿಗೆ ಹೋದೆ. ಅದೇ ದಪ್ಪ ಮಣ್ಣಿನ ಗೋಡೆ, ಅದೇ ಕತ್ತಲ ಕೋಣೆ. ಇಲ್ಲಾದರೂ ಕೂರೋಣವೆಂದು ಕೂತೆ. ಅವ್ವ ಒಳಗೆ ಬರಲಿಲ್ಲ, ಬಹಳ ಹೊತ್ತಾದ ಮೇಲೆ ಹೊರಗಿನಿಂದಲೇ ಕೇಳಿದಳು.

"ಪೂಜಿ ಆತೇನವಾ?"

"ಇನ್ನೂ ಉಟ್ಟು," ಎಂದುಬಿಟ್ಟೆ.

"ಏನ ಉಟ್ಟಿ? ಹೊಸಾ ಸೀರೀ ಏನ?" ಅವ್ವ ನಕ್ಕಳು.

ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಚಿಲಕ ಹಾಕಿ, ಜಗಳವಾಡಿ ನನಗೆಂದು ಉಳಿಸಿಕೊಂಡ ಜಾಗ ಮನಸ್ಸೊಂದೇ. ಅಲ್ಲಿಗೂ ಜಾನಕಕ್ಕ ಯಾವಾಗ ಬಂದು ಕೂತರೋ!